ಸಾಕುಪ್ರಾಣಿಯೊಂದಿಗೆ ವಿದೇಶಕ್ಕೆ: ಯಾವ ದೇಶಕ್ಕೆ ಯಾವ ದಾರಿ, ಯಾವಾಗ ಬೇಡವೇ ಬೇಡ

ಬೆಂಗಳೂರಿನಿಂದ ಮ್ಯೂನಿಕ್‌ಗೋ ಟೊರಾಂಟೋಗೋ ಕೆಲಸ ಸಿಕ್ಕಿತೆಂದರೆ ವೀಸಾ, ಮನೆ, ಮಕ್ಕಳ ಶಾಲೆ ಎಲ್ಲದರ ಲೆಕ್ಕಾಚಾರ ನಡೆಯುತ್ತದೆ. ನಾಯಿಯ ವಿಷಯ ಬರುವುದು ಕೊನೆಗೆ. ಬಂದಾಗಲೂ ಮೊದಲು ಕೇಳುವುದು, ‘ಯಾವ ವಿಮಾನದಲ್ಲಿ ನಾಯಿಯನ್ನು ಬಿಡುತ್ತಾರೆ?’ ಎಂದೇ. ಈ ಪ್ರಶ್ನೆಯನ್ನು ಮೂರನೆಯ ಸ್ಥಾನಕ್ಕೆ ಸರಿಸಬೇಕು. ಹೋಗಲಿರುವ ದೇಶ ಭಾರತದಿಂದ ಬರುವ ಪ್ರಾಣಿಯನ್ನು ಯಾವ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ಮೊದಲನೆಯದು. ನಿಮ್ಮ ಮನೆಯ ಪ್ರಾಣಿಯ ವಯಸ್ಸು, ಮೈಕಟ್ಟು, ಸ್ವಭಾವ ಆ ಪ್ರಯಾಣಕ್ಕೆ ತಕ್ಕುದೇ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಸಿಕ್ಕರೆ ವಿಮಾನದ ಆಯ್ಕೆ ಅರ್ಧ ಮುಗಿದಂತೆಯೇ.

ಇಲ್ಲಿ ಹೋಲಿಸಿರುವುದು ನಾಯಿ ಮತ್ತು ಬೆಕ್ಕುಗಳ ದಾರಿಗಳನ್ನು ಮಾತ್ರ. ಗಿಳಿ, ಆಮೆಗಳ ವಿಷಯದಲ್ಲಿ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ನಿಯಮಗಳೂ ಸೇರಿಕೊಳ್ಳುವುದರಿಂದ ಅದನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಎಲ್ಲವನ್ನೂ ನಿರ್ಧರಿಸುವುದು ರೇಬೀಸ್

ಭಾರತದಲ್ಲಿ ನಾಯಿಗಳಿಂದ ಹರಡುವ ರೇಬೀಸ್ ಇನ್ನೂ ಇದೆ. ಆದ್ದರಿಂದ ಯುರೋಪ್, ಬ್ರಿಟನ್, ಅಮೆರಿಕ, ಸಿಂಗಪುರ ಎಲ್ಲವೂ ನಮ್ಮ ನಾಯಿಗಳನ್ನು ಹೆಚ್ಚಿನ ಅಪಾಯದ ಸಾಲಿನಲ್ಲಿ ಇಟ್ಟಿವೆ. ಲಸಿಕೆ ಹಾಕಿಸಿದ ಪುಸ್ತಕ ತೋರಿಸಿದರೆ ಸಾಲದು. ಆ ಲಸಿಕೆ ಮೈಯಲ್ಲಿ ಕೆಲಸ ಮಾಡಿದೆ ಎಂಬುದನ್ನೂ ರಕ್ತಪರೀಕ್ಷೆಯಿಂದ ತೋರಿಸಬೇಕು. ಇದನ್ನೇ ಟೈಟರ್ ಪರೀಕ್ಷೆ ಎನ್ನುತ್ತಾರೆ. ಪ್ರತಿ ಮಿಲಿಲೀಟರ್ ರಕ್ತಸಾರದಲ್ಲಿ ಪ್ರತಿಕಾಯದ ಪ್ರಮಾಣ ಕನಿಷ್ಠ 0.5 ಅಂತಾರಾಷ್ಟ್ರೀಯ ಯೂನಿಟ್ ಇರಬೇಕು.

ಕ್ರಮ ಹೀಗೆ: ಮೊದಲು ಚರ್ಮದಡಿ ಹಾಕುವ, 15 ಅಂಕಿಗಳ ಗುರುತಿನ ಮೈಕ್ರೋಚಿಪ್, ಅನಂತರ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತದ ಮಾದರಿ, ಆಮೇಲೆ ಕಾಯುವ ಅವಧಿ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ನಮ್ಮಲ್ಲಿ ಬಹಳಷ್ಟು ಮನೆಗಳು ಎಡವುವುದು ಇಲ್ಲಿಯೇ. ಮರಿ ಮೂರು ತಿಂಗಳಾಗಿದ್ದಾಗ ಲಸಿಕೆ ಹಾಕಿಸಿರುತ್ತಾರೆ, ಪ್ರತಿ ವರ್ಷ ತಪ್ಪದೆ ಬೂಸ್ಟರ್ ಕೊಡಿಸಿರುತ್ತಾರೆ, ಆದರೆ ಚಿಪ್ ಹಾಕಿಸಿರುವುದಿಲ್ಲ. ಹೊರಡುವ ಹೊತ್ತಿಗೆ ಚಿಪ್ ಹಾಕಿಸಿದರೆ ಅದಕ್ಕಿಂತ ಹಿಂದಿನ ಲಸಿಕೆಗಳು ಯುರೋಪಿನ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಲಸಿಕೆ ಬಿದ್ದದ್ದು ಇದೇ ನಾಯಿಗೆ ಎಂದು ಹೇಳುವ ಗುರುತು ಆಗ ಇರಲಿಲ್ಲ. ಚಿಪ್ ಹಾಕಿಸಿ, ಸ್ಕ್ಯಾನರ್‌ನಲ್ಲಿ ಅಂಕಿ ಓದಿಸಿ, ಅದೇ ದಿನ ಅದೇ ಮೇಜಿನ ಮೇಲೆ ಮತ್ತೆ ಲಸಿಕೆ ಕೊಡಿಸಬಹುದು. ಅಲ್ಲಿಂದ ಲೆಕ್ಕ ಶುರು.

ಲಸಿಕೆ ಪುಸ್ತಕದ ಆ ಪುಟವನ್ನು ಕ್ಲಿನಿಕ್ಕಿನಿಂದ ಹೊರಡುವ ಮುನ್ನವೇ ಕಣ್ಣಿಟ್ಟು ನೋಡಿ. ಲಸಿಕೆಯ ಸೀಸೆಯಿಂದ ಬಿಡಿಸಿ ಅಂಟಿಸಿದ ಬ್ಯಾಚ್ ಚೀಟಿ ಇರಬೇಕು. ದಿನಾಂಕ ಸ್ಪಷ್ಟವಾಗಿರಬೇಕು. ತಿಂಗಳನ್ನು ಅಂಕಿಯಲ್ಲಿ ಬರೆಯುವ ಬದಲು ಅಕ್ಷರದಲ್ಲಿ ಬರೆಯಲು ಕೇಳಿಕೊಳ್ಳಿ. 04/05 ಎಂದಿದ್ದರೆ ಅಮೆರಿಕದ ಅಧಿಕಾರಿ ಅದನ್ನು ಏಪ್ರಿಲ್ ಐದು ಎಂದು ಓದುತ್ತಾರೆ, ನಾವು ಮೇ ನಾಲ್ಕು ಎನ್ನುತ್ತೇವೆ. ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಮೂರೂ ಬೇಕು. ಚಿಪ್‌ನ 15 ಅಂಕಿಗಳನ್ನು ಚೀಟಿಯಿಂದ ನಕಲು ಮಾಡದೆ ಸ್ಕ್ಯಾನರ್‌ನಿಂದಲೇ ಓದಿ ಬರೆಸಿ. ಮುಂದೆ ರಕ್ತಪರೀಕ್ಷೆಯ ವರದಿ, ಆರೋಗ್ಯ ಪ್ರಮಾಣಪತ್ರ, ಕಾರ್ಗೋ ಕಾಗದ ಎಲ್ಲದರಲ್ಲೂ ಇದೇ ಅಂಕಿ ಬರಬೇಕು. ಒಂದು ಅಂಕಿ ಅದಲುಬದಲಾದರೂ ಕಾಗದದ ಮೇಲೆ ಅದು ಬೇರೆ ನಾಯಿ.

ರಕ್ತದ ಮಾದರಿಯನ್ನು ಯಾವ ಪ್ರಯೋಗಾಲಯಕ್ಕೆ ಕಳಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೇ ಹೆಸರಾಂತ ರೇಬೀಸ್ ಪ್ರಯೋಗಾಲಯವಿದೆ. ಆದರೆ ಪ್ರಯೋಗಾಲಯ ಎಷ್ಟೇ ಒಳ್ಳೆಯದಿರಲಿ, ನೀವು ಹೋಗುವ ದೇಶ ಪ್ರಕಟಿಸಿರುವ ಮಾನ್ಯತೆಯ ಪಟ್ಟಿಯಲ್ಲಿ ಅದರ ಹೆಸರಿದ್ದರೆ ಮಾತ್ರ ವರದಿ ನಡೆಯುತ್ತದೆ. ಯುರೋಪಿನ ಪಟ್ಟಿ ಬೇರೆ, ಅಮೆರಿಕದ ಪಟ್ಟಿ ಬೇರೆ. ರಕ್ತ ತೆಗೆಸುವ ಮುನ್ನ ಆ ಪಟ್ಟಿಯನ್ನು ತೆರೆದು ನೋಡುವುದು ಕೆಲವೇ ನಿಮಿಷಗಳ ಕೆಲಸ.

ದೇಶಗಳನ್ನು ಹೋಲಿಸಿದರೆ

ಮೊದಲು ಯುರೋಪ್ ಒಕ್ಕೂಟ. ಜರ್ಮನಿ, ನೆದರ್‌ಲೆಂಡ್ಸ್, ಫ್ರಾನ್ಸ್ ಎಲ್ಲಕ್ಕೂ ಮೂಲ ನಿಯಮ ಒಂದೇ. ರಕ್ತದ ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವರದಿ ಕೈಸೇರಿದ ದಿನದಿಂದಲ್ಲ. ಅಂದರೆ ಜನವರಿ ಮೊದಲ ವಾರ ಚಿಪ್ ಮತ್ತು ಲಸಿಕೆ ಆಯಿತೆಂದರೆ ಫೆಬ್ರುವರಿ ಮೊದಲ ವಾರ ರಕ್ತ, ಮೇ ಮೊದಲ ವಾರ ಪ್ರಯಾಣ. ಚಿಪ್ ಮೊದಲೇ ಇದ್ದು, ಅದರ ನಂತರ ಹಾಕಿಸಿದ ಲಸಿಕೆ ಚಾಲ್ತಿಯಲ್ಲಿದ್ದರೆ ಮೂರು ತಿಂಗಳಷ್ಟೇ ಸಾಕು. ಮರಿಗಳಿಗೆ ಲಸಿಕೆ ಹಾಕುವಾಗ ಕನಿಷ್ಠ 12 ವಾರ ತುಂಬಿರಬೇಕಾದ್ದರಿಂದ ಸುಮಾರು ಏಳು ತಿಂಗಳಿಗಿಂತ ಚಿಕ್ಕ ಮರಿ ಭಾರತದಿಂದ ಯುರೋಪಿಗೆ ಹೋಗುವುದು ಸಾಧ್ಯವೇ ಇಲ್ಲ. ಇಷ್ಟು ಕಾದರೆ ಅಲ್ಲಿ ಇಳಿದ ಮೇಲೆ ಕ್ವಾರಂಟೈನ್ ಇಲ್ಲ. ಕಸ್ಟಮ್ಸ್‌ನಲ್ಲಿ ಹಸಿರು ದಾರಿಯಿಂದ ಹೊರಬೀಳದೆ ಕೆಂಪು ದಾರಿಗೆ ಹೋಗಿ ಕಾಗದ ತೋರಿಸಿದರೆ, ಚಿಪ್ ಓದಿ ಮನೆಗೆ ಕಳಿಸುತ್ತಾರೆ. ಕಾಯುವ ನೋವೆಲ್ಲ ಇಲ್ಲಿಯೇ ಮುಗಿಯುವ ಈ ಪದ್ಧತಿ ಪ್ರಾಣಿಗೆ ಅತ್ಯಂತ ಹಿತವಾದದ್ದು ಎಂದೇ ನನ್ನ ಭಾವನೆ. ಆ ಮೂರು ತಿಂಗಳು ಅದು ತನ್ನ ಮನೆಯಲ್ಲಿ, ತನ್ನ ಜನರ ನಡುವೆಯೇ ಇರುತ್ತದೆ.

ಜರ್ಮನಿಗೆ ಹೋಗುವವರು ತಳಿಯನ್ನೂ ನೋಡಿಕೊಳ್ಳಬೇಕು. ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್, ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್ ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಅಲ್ಲಿಗೆ ತರುವಂತಿಲ್ಲ. ನಮ್ಮ ಮುಧೋಳಕ್ಕೆ ಅಂಥ ತಡೆ ಇಲ್ಲ. ಬೀದಿಯಿಂದ ತಂದು ಸಾಕಿದ ನಾಯಿಗಳ ವಿಷಯದಲ್ಲಿ ವೈದ್ಯರು ತಳಿಯ ಜಾಗದಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಗಮನಿಸಿ. ಬಣ್ಣವೋ ದವಡೆಯೋ ಹಾಗೆ ಕಂಡಿತೆಂದು ಯಾರಾದರೂ ‘ಪಿಟ್‌ಬುಲ್ ಮಿಶ್ರ’ ಎಂದು ಗೀಚಿದರೆ ಅದನ್ನು ಅಳಿಸಲು ಸಾಕುಬೇಕಾಗುತ್ತದೆ.

ಬ್ರಿಟನ್ನಿನಲ್ಲೂ ರಕ್ತಪರೀಕ್ಷೆ, ಮೂರು ತಿಂಗಳ ಕಾಯುವಿಕೆ ಇದ್ದೇ ಇದೆ. ಜೊತೆಗೆ ನಾಯಿಗಳಿಗೆ ದೇಶ ಪ್ರವೇಶಿಸುವ 24ರಿಂದ 120 ಗಂಟೆಗಳ ಮುನ್ನ ಲಾಡಿಹುಳುವಿನ ಔಷಧಿಯನ್ನು ವೈದ್ಯರೇ ಕೊಟ್ಟು ಬರೆದುಕೊಡಬೇಕು. ಕಷ್ಟವಿರುವುದು ವಿಮಾನದಲ್ಲಿ. ಬ್ರಿಟನ್ನಿಗೆ ಸಾಕುಪ್ರಾಣಿ ವಿಮಾನದಲ್ಲಿ ಬರುವುದಾದರೆ ಕಾರ್ಗೋ ಆಗಿಯೇ ಬರಬೇಕು. ಸಹಾಯಕ ನಾಯಿಗಳಿಗೆ ಮಾತ್ರ ವಿನಾಯಿತಿ. ನಾಲ್ಕು ಕಿಲೋ ಬೆಕ್ಕಾದರೂ ಕಾಲ ಬಳಿ ಇಟ್ಟುಕೊಂಡು ಲಂಡನ್ನಿನಲ್ಲಿ ಇಳಿಯುವಂತಿಲ್ಲ. ಕಾರ್ಗೋ ಆಗಿ ಬಂದ ಪ್ರಾಣಿಯ ಮೇಲೆ ತೆರಿಗೆ ಬೀಳದಿರಬೇಕಾದರೆ ನಿವಾಸ ವರ್ಗಾವಣೆಯ ವಿನಾಯಿತಿಗೆ ಮೊದಲೇ ಅರ್ಜಿ ಹಾಕಬೇಕು.

ಇದಕ್ಕೆ ಬದಲಿ ದಾರಿಯೊಂದಿದೆ, ಚಿಕ್ಕ ಪ್ರಾಣಿ ಇರುವವರು ಅದನ್ನು ಯೋಚಿಸಲೇಬೇಕು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೋ ಪ್ಯಾರಿಸಿಗೋ ಕ್ಯಾಬಿನ್ನಿನಲ್ಲಿ ಕರೆದೊಯ್ದು, ಅಲ್ಲಿಂದ ನೆಲ–ನೀರಿನ ದಾರಿ ಹಿಡಿಯುವುದು. ಫ್ರಾನ್ಸಿನ ಕ್ಯಾಲೆಯಿಂದ ಸಮುದ್ರದಡಿಯ ಸುರಂಗದ ರೈಲಿನಲ್ಲಿ ಕಾರಿನೊಳಗೇ ಕೂತು ದಾಟಬಹುದು. ನೆದರ್‌ಲೆಂಡ್ಸ್‌ನ ಹುಕ್ ಆಫ್ ಹಾಲೆಂಡಿನಿಂದ ಇಂಗ್ಲೆಂಡಿನ ಹಾರ್ವಿಚ್‌ಗೆ ಹೋಗುವ ಹಡಗಿನಲ್ಲಿ ಪ್ರಾಣಿಗಳಿಗೆ ಜಾಗವಿದೆ, ಅದನ್ನು ಮುಂಚೆಯೇ ಕಾಯ್ದಿರಿಸಬೇಕು. ಪ್ಯಾರಿಸ್–ಲಂಡನ್ ಯೂರೋಸ್ಟಾರ್ ರೈಲಿನಲ್ಲಿ ಸಾಕುಪ್ರಾಣಿಗೆ ಪ್ರವೇಶವಿಲ್ಲ. ಅದೂ ಸುರಂಗದಲ್ಲೇ ಹೋಗುತ್ತದಾದರೂ ಕಾರು ಸಾಗಿಸುವ ರೈಲು ಬೇರೆ, ಗೊಂದಲವಾಗಬಾರದು. ಈ ದಾರಿಯಲ್ಲಿ ಯುರೋಪಿನ ಪ್ರಮಾಣಪತ್ರ ಬೇರೆ, ಬ್ರಿಟನ್ನಿನ ಪ್ರಮಾಣಪತ್ರ ಬೇರೆ, ಎರಡೂ ಬೇಕು. ಓಡಾಟ ಹೆಚ್ಚು, ಆದರೆ ಪ್ರಾಣಿ ಇಡೀ ದಾರಿ ನಿಮ್ಮ ಕೈಯಳತೆಯಲ್ಲಿರುತ್ತದೆ. 20 ಕಿಲೋ ಮೀರಿದ ನಾಯಿಗೆ ಹೇಗಿದ್ದರೂ ಕ್ಯಾಬಿನ್ ಇಲ್ಲವಾದ್ದರಿಂದ ನೇರ ಕಾರ್ಗೋದಲ್ಲಿ ಹೀಥ್ರೂಗೆ ಕಳಿಸುವುದೇ ಒಳ್ಳೆಯದು. ಒಂದೇ ಹಾರಾಟ, ನಡುವೆ ಬದಲಾವಣೆ ಇಲ್ಲ.

ಅಮೆರಿಕದ ನಿಯಮ 2024ರ ಆಗಸ್ಟ್ 1ರಿಂದ ಬದಲಾಗಿದೆ. ಹಳೆಯ ಅನುಭವದ ಮೇಲೆ ಸಲಹೆ ಕೊಡುವ ಬಂಧುಗಳ ಮಾತನ್ನು ಇಲ್ಲಿ ನಂಬುವಂತಿಲ್ಲ. ಈಗ ಅಲ್ಲಿಗೆ ಕಾಲಿಡುವ ಯಾವ ನಾಯಿಗೂ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ರೋಗನಿಯಂತ್ರಣ ಕೇಂದ್ರವಾದ ಸಿಡಿಸಿಯ ಆನ್‌ಲೈನ್ ಅರ್ಜಿ ತುಂಬಿರಬೇಕು. ಭಾರತದಂಥ ದೇಶದಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿಯಾದರೆ ಇನ್ನೂ ಮೂರು ಸೇರುತ್ತವೆ: ಸರ್ಕಾರಿ ಪಶುವೈದ್ಯರು ದೃಢೀಕರಿಸಿದ ಲಸಿಕೆ ಮತ್ತು ಚಿಪ್‌ನ ನಮೂನೆ, ಮಾನ್ಯತೆ ಪಡೆದ ಪ್ರಯೋಗಾಲಯದ ಟೈಟರ್ ವರದಿ, ಸಿಡಿಸಿಯಲ್ಲಿ ನೋಂದಾಯಿತವಾದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಕಾಯ್ದಿರಿಸಿದ ಜಾಗ. ರಕ್ತದ ಮಾದರಿ ತೆಗೆದು ಕನಿಷ್ಠ 28 ದಿನ ಕಳೆದಿರಬೇಕು. ಟೈಟರ್ ವರದಿ ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲಿ 28 ದಿನ ಕ್ವಾರಂಟೈನ್.

ಆರೈಕೆ ಕೇಂದ್ರದ ಷರತ್ತೇ ಅಮೆರಿಕದ ಪ್ರಯಾಣದ ದಿಕ್ಕನ್ನು ನಿರ್ಧರಿಸುತ್ತದೆ. ಅಂಥ ಕೇಂದ್ರಗಳಿರುವುದು ನ್ಯೂಯಾರ್ಕಿನ ಜೆಎಫ್‌ಕೆ, ವಾಷಿಂಗ್ಟನ್ ಡಲ್ಲೆಸ್, ಅಟ್ಲಾಂಟಾ, ಮಯಾಮಿ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್‌ನಂಥ ಕೆಲವೇ ನಿಲ್ದಾಣಗಳಲ್ಲಿ. ಕನ್ನಡಿಗರು ತುಂಬಿರುವ ಬೇ ಏರಿಯಾದ ಸ್ಯಾನ್ ಫ್ರಾನ್ಸಿಸ್ಕೋ ಆ ಪಟ್ಟಿಗೆ ಸೇರಿಲ್ಲ. ಸ್ಯಾನ್ ಹೋಸೆಗೆ ಹೋಗುವವರು ನಾಯಿಯೊಂದಿಗೆ ಲಾಸ್ ಏಂಜಲೀಸ್‌ನಲ್ಲಿ ಇಳಿದು ಐದಾರು ಗಂಟೆ ಕಾರಿನಲ್ಲಿ ಹೋಗುವುದು ವಾಸಿ. ಇನ್ನೊಂದು ವಿಮಾನ ಹತ್ತಿಸುವುದಕ್ಕಿಂತ ಕಿಟಕಿ ತೆರೆದ ಕಾರು ಆ ಜೀವಕ್ಕೆ ಹಿತ.

ಬೆಕ್ಕಿಗೆ ಈ ಪಾಡಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರ ಬೆಕ್ಕಿನ ರೇಬೀಸ್ ಲಸಿಕೆಯ ಪತ್ರವನ್ನು ಪ್ರವೇಶಕ್ಕೆ ಕಡ್ಡಾಯ ಮಾಡಿಲ್ಲ. ರಾಜ್ಯಗಳೂ ವಿಮಾನ ಸಂಸ್ಥೆಗಳೂ ಕೇಳುವುದರಿಂದ ಲಸಿಕೆ ಹಾಕಿಸಿಯೇ ಹೊರಡಬೇಕು, ಆದರೆ ಟೈಟರ್ ಪರೀಕ್ಷೆಯಾಗಲಿ ಆರೈಕೆ ಕೇಂದ್ರವಾಗಲಿ ಬೇಕಿಲ್ಲ. ಹವಾಯಿ ಮಾತ್ರ ಇದಕ್ಕೆ ಹೊರತು, ಅದರ ನಿಯಮಗಳು ತೀರ ಬಿಗಿ.

ಕೆನಡಾ ಇವುಗಳಲ್ಲೆಲ್ಲ ಸರಳ. ಮನೆಯ ಸ್ವಂತ ನಾಯಿ, ಬೆಕ್ಕಿಗೆ ಚಾಲ್ತಿಯಲ್ಲಿರುವ ರೇಬೀಸ್ ಲಸಿಕೆಯ ಪ್ರಮಾಣಪತ್ರವೇ ಮುಖ್ಯ, ಟೈಟರ್ ಕೇಳುವುದಿಲ್ಲ. ಆದರೆ 2022ರ ಸೆಪ್ಟೆಂಬರ್ 28ರಿಂದ ಭಾರತವೂ ಸೇರಿದಂತೆ ಹೆಚ್ಚಿನ ಅಪಾಯದ ದೇಶಗಳಿಂದ ವಾಣಿಜ್ಯ ಉದ್ದೇಶದ ನಾಯಿಗಳನ್ನು ಅದು ನಿಷೇಧಿಸಿದೆ. ಮಾರಾಟ ಮಾತ್ರವಲ್ಲ, ದತ್ತು ಕೊಡಲು ತರುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ರಕ್ಷಿಸಿದ ಬೀದಿನಾಯಿಯನ್ನು ಪರಿಚಯದ ವಿದ್ಯಾರ್ಥಿಯ ಜೊತೆ ಟೊರಾಂಟೋದ ದತ್ತು ಮನೆಗೆ ಕಳಿಸುವ ಒಳ್ಳೆಯ ಮನಸ್ಸಿನ ಕೆಲಸ ಈಗ ಕಾನೂನಿಗೆ ವಿರುದ್ಧ.

ದುಬೈಗೆ ಹೋಗುವವರಿಗೆ ಊರು ಹತ್ತಿರ, ನಿಯಮ ಹತ್ತಿರವಲ್ಲ. ಆಮದು ಪರವಾನಗಿ ಮುಂಚೆಯೇ ಬೇಕು, ಭಾರತದ ಪ್ರಾಣಿಗೆ ಟೈಟರ್ ಬೇಕು, ದುಬೈ ನಿಲ್ದಾಣಕ್ಕೆ ಅದು ಕಾರ್ಗೋ ಆಗಿಯೇ ಬರಬೇಕು. ಬೇಸಿಗೆಯಲ್ಲಿ ಅಲ್ಲಿನ ರನ್‌ವೇಯ ಕಾವು ಯೋಚಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಿಸಲೇಬಾರದು ಎನ್ನುತ್ತೇನೆ.

ಸಿಂಗಪುರದಲ್ಲಿ ಭಾರತದ ಪ್ರಾಣಿಗೆ ಪರವಾನಗಿ, ಟೈಟರ್, ಇಳಿದ ಮೇಲೆ ಕನಿಷ್ಠ 30 ದಿನ ಸರ್ಕಾರಿ ಕ್ವಾರಂಟೈನ್. ಅದಕ್ಕಿಂತ ದೊಡ್ಡ ಪ್ರಶ್ನೆ ಮನೆಯದು. ಅಲ್ಲಿನ ಬಹುಪಾಲು ಜನ ವಾಸಿಸುವ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಅನುಮೋದಿತ ಸಣ್ಣ ತಳಿಯ ಒಂದು ನಾಯಿಗಷ್ಟೇ ಅವಕಾಶ. ಬೆಕ್ಕುಗಳಿಗೆ 2024ರ ಸೆಪ್ಟೆಂಬರ್‌ನಿಂದ ಅನುಮತಿ ಸಿಕ್ಕಿದೆ, ಮನೆಗೆ ಎರಡರಂತೆ. ಲ್ಯಾಬ್ರಡಾರ್ ಇರುವವರು ಖಾಸಗಿ ಮನೆಯ ಬಾಡಿಗೆ ನಿಭಾಯಿಸಬಲ್ಲೆವೇ ಎಂಬುದನ್ನು ನೋಡಿಕೊಂಡು ಮುಂದಿನ ಹೆಜ್ಜೆ ಇಡಬೇಕು.

ಜಪಾನ್ ಇನ್ನೂ ತಾಳ್ಮೆ ಬೇಡುತ್ತದೆ. ಎರಡು ಬಾರಿ ಲಸಿಕೆ, ರಕ್ತಪರೀಕ್ಷೆ, ಅನಂತರ 180 ದಿನಗಳ ಕಾಯುವಿಕೆ, ತಲುಪುವ 40 ದಿನ ಮುಂಚೆ ಸೂಚನೆ. ಎಲ್ಲ ಸರಿಯಿದ್ದರೆ ಇಳಿದ ಮೇಲೆ ತಪಾಸಣೆ ಬೇಗ ಮುಗಿಯುತ್ತದೆ.

ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರ ದಾರಿಯೇ ಇಲ್ಲ. ಅದು ಒಪ್ಪಿದ ದೇಶಗಳ ಪಟ್ಟಿಯಲ್ಲಿ ನಾವಿಲ್ಲ. ಪ್ರಾಣಿಯನ್ನು ಮೊದಲು ಒಪ್ಪಿಗೆಯಿರುವ ಬೇರೊಂದು ದೇಶಕ್ಕೆ ಕಳಿಸಿ, ಅಲ್ಲಿ ತಿಂಗಳುಗಟ್ಟಲೆ ಇರಿಸಿ, ಷರತ್ತುಗಳನ್ನು ಪೂರೈಸಿ, ಆಮೇಲೆ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರಕ್ಕೆ ತರಬೇಕು. ಆ ತಿಂಗಳುಗಳನ್ನು ನಾಯಿ ಕಳೆಯುವುದು ಅಪರಿಚಿತರ ಬೋರ್ಡಿಂಗ್‌ನಲ್ಲಿ. ಮೂರು ವರ್ಷದ ಗಟ್ಟಿಮುಟ್ಟಾದ ನಾಯಿ, ನೀವು ಅಲ್ಲೇ ನೆಲೆಸುವುದು ಖಚಿತ ಎಂದಿದ್ದರೆ ಯೋಚಿಸಬಹುದು. ಎರಡು ವರ್ಷದ ಕೆಲಸಕ್ಕೋ ಓದಿಗೋ ಹೋಗುವವರು ಈ ಹಿಂಸೆಯನ್ನು ಅದರ ಮೇಲೆ ಹೇರಬಾರದು.

ಕ್ಯಾಬಿನ್, ಹೊಟ್ಟೆ, ಕಾರ್ಗೋ

ದೇಶ ಒಪ್ಪಿದ ಮೇಲೆ ವಿಮಾನ. ಆಯ್ಕೆಗಳು ಮೂರು: ನಿಮ್ಮ ಕಾಲ ಬಳಿ ಕ್ಯಾಬಿನ್ನಿನಲ್ಲಿ, ನಿಮ್ಮದೇ ವಿಮಾನದ ಹೊಟ್ಟೆಯಲ್ಲಿ ಲಗೇಜಾಗಿ, ಅಥವಾ ಪ್ರತ್ಯೇಕ ಸರಕಾಗಿ.

ಕ್ಯಾಬಿನ್ ಸಿಗುವಂತಿದ್ದರೆ ಬೇರೆ ಯೋಚನೆಯೇ ಬೇಡ. ಲುಫ್ಥಾನ್ಸಾ, ಕೆಎಲ್‌ಎಂ, ಏರ್ ಫ್ರಾನ್ಸ್‌ಗಳಲ್ಲಿ ಚೀಲವೂ ಸೇರಿ 8 ಕಿಲೋ ಮಿತಿ. ಬೆಕ್ಕುಗಳು, ಪೊಮೇರಿಯನ್, ಮಿನಿಯೇಚರ್ ಡ್ಯಾಷ್‌ಹಂಡ್‌ನಂಥ ಸಣ್ಣ ನಾಯಿಗಳು ಇದರೊಳಗೆ ಬರುತ್ತವೆ. ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಎಂಬ ಮಿತಿ ಇರುವುದರಿಂದ ನಿಮ್ಮ ಟಿಕೆಟ್ ತೆಗೆಯುವ ಮುನ್ನ ದೂರವಾಣಿಯಲ್ಲಿ ಪ್ರಾಣಿಯ ಜಾಗ ಖಚಿತಪಡಿಸಿಕೊಳ್ಳಿ. ಎರಡು ಬೇರೆ ಸಂಸ್ಥೆಗಳ ವಿಮಾನ ಸೇರಿದ ಟಿಕೆಟ್ ತೆಗೆಯಬೇಡಿ. ಮೊದಲನೆಯದು ಒಪ್ಪಿದ್ದನ್ನು ಎರಡನೆಯದು ತಿರಸ್ಕರಿಸಬಹುದು.

ಬೆಕ್ಕಿನವರಿಗೆ ಒಂದು ಎಚ್ಚರಿಕೆ. ಭದ್ರತಾ ತಪಾಸಣೆಯಲ್ಲಿ ಚೀಲ ಮಾತ್ರ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ, ಬೆಕ್ಕನ್ನು ಹೊರತೆಗೆದು ಎತ್ತಿಕೊಂಡು ನೀವು ದಾಟಬೇಕು. ಟ್ರೇಗಳ ಸದ್ದು, ಬೀಪ್ ಶಬ್ದ, ಜನಸಂದಣಿಯ ನಡುವೆ ಎಷ್ಟೇ ಸಾಧು ಬೆಕ್ಕಾದರೂ ಬೆದರಿ ಹಾರಬಹುದು. ಎದೆಗೆ ಬಿಗಿಯಾಗಿ ಕೂರುವ ಹಾರ್ನೆಸ್ ತೊಡಿಸಿ, ಅದರ ಪಟ್ಟಿಯನ್ನು ನಿಮ್ಮ ಮಣಿಕಟ್ಟಿಗೆ ಸುತ್ತಿಕೊಂಡೇ ಚೀಲದ ಜಿಪ್ ತೆರೆಯಿರಿ. ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿ ಎಂದು ಸಿಬ್ಬಂದಿಯನ್ನು ಕೇಳಿಕೊಳ್ಳಬಹುದು, ಸಾಮಾನ್ಯವಾಗಿ ಒಪ್ಪುತ್ತಾರೆ.

ವಿಮಾನದ ಹೊಟ್ಟೆ ಎಂದೊಡನೆ ಸೂಟ್‌ಕೇಸುಗಳ ನಡುವೆ ಉಸಿರುಗಟ್ಟುವ ನಾಯಿಯ ಚಿತ್ರ ಕಣ್ಣಿಗೆ ಬರುತ್ತದೆ. ಪ್ರಾಣಿಗಳನ್ನು ಇಡುವ ಭಾಗದಲ್ಲಿ ಗಾಳಿಯ ಒತ್ತಡ ಕ್ಯಾಬಿನ್ನಿನಷ್ಟೇ ಇರುತ್ತದೆ, ಉಷ್ಣತೆಯನ್ನು ಹತೋಟಿಯಲ್ಲಿ ಇಡುತ್ತಾರೆ, ಪೈಲಟ್‌ಗೆ ತಿಳಿಸಿರುತ್ತಾರೆ. ಅಪಾಯ ಹೆಚ್ಚಿರುವುದು ನೆಲದ ಮೇಲೆ: ವಿಮಾನ ಹತ್ತಿಸುವ ಮುನ್ನ, ಇಳಿಸಿದ ನಂತರ ಬಿಸಿಲಿನಲ್ಲಿ ಕ್ರೇಟ್, ಅಂದರೆ ಪ್ರಾಣಿಯನ್ನಿಟ್ಟ ಪೆಟ್ಟಿಗೆ, ಕಾಯುವ ಹೊತ್ತಿನಲ್ಲಿ. ಆದ್ದರಿಂದ ನಡುರಾತ್ರಿ ಅಥವಾ ಬೆಳಗಿನ ಜಾವ ಬೆಂಗಳೂರು ಬಿಡುವ ವಿಮಾನ, ತಂಪು ದೇಶದಲ್ಲಿ ಒಂದೇ ನಿಲುಗಡೆ, ಇದನ್ನೇ ಹುಡುಕಿ. ಫ್ರಾಂಕ್‌ಫರ್ಟಿನಲ್ಲಿ ಸಾಗುವ ಪ್ರಾಣಿಗಳಿಗೆಂದೇ ದೊಡ್ಡ ಪ್ರಾಣಿ ಕೇಂದ್ರವಿದೆ. ಹೊರಗೆ ಬಿಟ್ಟು, ನೀರು ಕೊಟ್ಟು, ಕ್ರೇಟ್ ಶುಚಿ ಮಾಡುತ್ತಾರೆ. ಸಾವಿರಾರು ರೂಪಾಯಿ ಉಳಿಯುತ್ತದೆಂದು ಮೇ ತಿಂಗಳಲ್ಲಿ ಕೊಲ್ಲಿಯ ನಿಲ್ದಾಣದಲ್ಲಿ ಹಲವು ಗಂಟೆ ಕಾಯಿಸುವ ದಾರಿ ಹಿಡಿಯುವುದು ಬೇಡ.

ಲಗೇಜಾಗಿ ಹೋದರೆ ನಿಮ್ಮ ಜೊತೆಯಲ್ಲೇ ಚೆಕ್‌ಇನ್, ನಿಮ್ಮ ಜೊತೆಯಲ್ಲೇ ಇಳಿಯುವಿಕೆ, ಖರ್ಚೂ ಕಡಿಮೆ. ಕಾರ್ಗೋ ಆದರೆ ಹಲವು ಗಂಟೆ ಮೊದಲೇ ಸರಕು ಟರ್ಮಿನಲ್‌ನಲ್ಲಿ ಒಪ್ಪಿಸಬೇಕು, ಅಲ್ಲಿ ಇಳಿದ ಮೇಲೂ ಸರಕು ಟರ್ಮಿನಲ್‌ಗೇ ಹೋಗಿ ಬಿಡಿಸಿಕೊಳ್ಳಬೇಕು, ದರವನ್ನು ಕ್ರೇಟ್‌ನ ಗಾತ್ರದ ಮೇಲೆ ಕಟ್ಟುತ್ತಾರೆ. ದೇಶವೇ ಕಾರ್ಗೋ ಕಡ್ಡಾಯ ಮಾಡಿರದಿದ್ದರೆ, ವಿಮಾನ ಸಂಸ್ಥೆ ಒಪ್ಪುವುದಾದರೆ, ಲಗೇಜನ್ನೇ ಆರಿಸಿಕೊಳ್ಳಿ.

ಪಗ್, ಶಿಹ್ ಟ್ಸು, ಬುಲ್‌ಡಾಗ್, ಬಾಕ್ಸರ್, ಪರ್ಷಿಯನ್ ಬೆಕ್ಕುಗಳಂಥ ಚಪ್ಪಟೆ ಮೂಗಿನ ತಳಿಗಳ ಮಾತು ಬೇರೆ. ಇವುಗಳ ಉಸಿರಾಟದ ದಾರಿಯೇ ಇಕ್ಕಟ್ಟು. ಗಾಬರಿ, ಸೆಕೆ ಸೇರಿದರೆ ಮೈಯ ಬಿಸಿ ಇಳಿಸಿಕೊಳ್ಳಲಾರವು. ಹಲವು ಸಂಸ್ಥೆಗಳು ಇವನ್ನು ಹೊಟ್ಟೆಯಲ್ಲಿ ಸಾಗಿಸುವುದೇ ಇಲ್ಲ. ಯಾವುದಾದರೂ ಸಂಸ್ಥೆ ಒಪ್ಪಿದರೂ ಸಾಗಿಸಬೇಡಿ ಎಂದೇ ಹೇಳುತ್ತೇನೆ. ಕ್ಯಾಬಿನ್ ತೂಕದೊಳಗೆ ಬಂದರೆ ಹೋಗಲಿ, ಬಾರದಿದ್ದರೆ ಮನೆಯಲ್ಲೇ ಇರಲಿ.

ನಿದ್ದೆ ಮಾತ್ರೆ ಕೊಟ್ಟು ಕಳಿಸುವ ಆಸೆಯನ್ನೂ ಬಿಡಬೇಕು. ಅದು ರಕ್ತದೊತ್ತಡ ಇಳಿಸುತ್ತದೆ, ಉಸಿರಾಟ ನಿಧಾನವಾಗಿಸುತ್ತದೆ, ಮೈಯ ಉಷ್ಣತೆಯ ಹತೋಟಿ ತಪ್ಪಿಸುತ್ತದೆ. ಮಂಪರಿನಲ್ಲಿರುವ ಪ್ರಾಣಿ ಕ್ರೇಟ್ ಅಲುಗಿದಾಗ ಸಾವರಿಸಿಕೊಳ್ಳಲಾರದು. ಮತ್ತಿನಲ್ಲಿರುವ ಪ್ರಾಣಿಯನ್ನು ಅನೇಕ ಸಂಸ್ಥೆಗಳು ಹತ್ತಿಸುವುದೂ ಇಲ್ಲ. ಔಷಧಿಯ ಕೆಲಸವನ್ನು ಅಭ್ಯಾಸ ಮಾಡುತ್ತದೆ.

ಕ್ರೇಟ್ ಅಳತೆಯನ್ನು ಅಂದಾಜಿಗೆ ಬಿಡದೆ ಟೇಪು ಹಿಡಿದೇ ಮಾಡಿ. ನಾಯಿಯನ್ನು ಗೋಡೆಯ ಪಕ್ಕ ನೆಟ್ಟಗೆ ನಿಲ್ಲಿಸಿ, ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯಿರಿ. ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಅದಕ್ಕೆ ಸೇರಿಸಿದರೆ ಕ್ರೇಟ್‌ನ ಉದ್ದ ಸಿಗುತ್ತದೆ. ಹೆಗಲಿನ ಅಗಲದ ಎರಡರಷ್ಟು ಅಗಲ. ನಿಂತಾಗ ತಲೆಯೋ ಕಿವಿಯ ತುದಿಯೋ ಯಾವುದು ಮೇಲಿದೆಯೋ ಅಲ್ಲಿಯವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಕ್ರೇಟ್‌ನ ಎತ್ತರ. ಇದು ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಐಯಾಟಾದ ಸೂತ್ರ. ಒಳಗೆ ನಾಯಿ ತಲೆ ತಗಲದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ನಾಲ್ಕೂ ಬದಿ ಗಾಳಿಕಿಂಡಿ, ಲೋಹದ ಬಾಗಿಲು, ಹೊರಗಿನಿಂದಲೇ ತುಂಬಬಹುದಾದ ನೀರಿನ ಬಟ್ಟಲು ಇರಬೇಕು. ಹಿಂದಿನ ರಾತ್ರಿ ಬಟ್ಟಲಿನಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿಟ್ಟರೆ, ಹತ್ತಿಸುವಾಗ ತುಳುಕದೆ ಮುಂದೆ ನಿಧಾನವಾಗಿ ಕರಗುತ್ತದೆ.

ಕ್ರೇಟನ್ನು ಹೊರಡುವ ವಾರ ತರಬೇಡಿ, ಎರಡು ತಿಂಗಳ ಮುಂಚೆಯೇ ತನ್ನಿ. ಬಾಗಿಲು ಕಳಚಿ ಹಜಾರದ ಮೂಲೆಯಲ್ಲಿಡಿ. ಮನೆಮಂದಿ ಹೊದ್ದ ಹಳೆಯ ಬೆಡ್‌ಶೀಟ್ ಒಳಗೆ ಹಾಸಿ. ಊಟ ಅಲ್ಲೇ ಕೊಡಿ. ತಾನಾಗಿ ಹೋಗಿ ಮಲಗಲು ಶುರುಮಾಡಿದ ಮೇಲೆ ಬಾಗಿಲು ಜೋಡಿಸಿ, ಮೊದಲು ಸ್ವಲ್ಪ ಹೊತ್ತು, ಆಮೇಲೆ ರಾತ್ರಿಯಿಡೀ. ವಿಮಾನದ ಹೊಟ್ಟೆಯಲ್ಲಿ ಅದಕ್ಕೆ ಗೊತ್ತಿರುವ ಜಾಗ ಅದೊಂದೇ ಆಗಿರುತ್ತದೆ.

ಯಾರ ಹೆಸರಿನಲ್ಲಿ, ಯಾರ ಜೊತೆ

ಕೆಲಸಕ್ಕೆ ಸೇರುವ ದಿನಾಂಕ ನಾಯಿಯ ಮೂರು ತಿಂಗಳಿಗೆ ಕಾಯುವುದಿಲ್ಲ. ಆದ್ದರಿಂದ ಗಂಡನೋ ಹೆಂಡತಿಯೋ ಮೊದಲು ಹೋಗುವುದು, ಉಳಿದವರು ನಾಯಿಯೊಂದಿಗೆ ಆಮೇಲೆ ಹೊರಡುವುದು ವಾಡಿಕೆ. ಇಲ್ಲಿ ಯುರೋಪ್ ಮತ್ತು ಬ್ರಿಟನ್ನಿನ ಐದು ದಿನಗಳ ನಿಯಮವನ್ನು ನೆನಪಿಡಬೇಕು: ಪ್ರಾಣಿ ಮತ್ತು ಮಾಲೀಕರ ಪ್ರಯಾಣದ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ವಾಣಿಜ್ಯ ಸಾಗಣೆಯಂತೆ ಪರಿಗಣಿಸುತ್ತಾರೆ, ನಿಯಮವೂ ಖರ್ಚೂ ಏರುತ್ತವೆ. ಹಾಗಾಗಿ ನಾಯಿಯೊಂದಿಗೆ ನಿಜವಾಗಿ ಪ್ರಯಾಣಿಸುವವರು ಯಾರೋ ಅವರನ್ನೇ ಚಿಪ್ ನೋಂದಣಿಯಿಂದ ಹಿಡಿದು ಎಲ್ಲ ಕಾಗದಗಳಲ್ಲೂ ಮಾಲೀಕರೆಂದು ಬರೆಸಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ, ಇನಿಷಿಯಲ್ ಸಮೇತ.

ಭಾರತದ ಕಡೆಯಿಂದ ಕೊನೆಯ ಪತ್ರ ಕೊಡುವುದು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ. ಬೆಂಗಳೂರಿನಲ್ಲಿ ಅದರ ಕಚೇರಿ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಹೊರಡುವ ವಾರದಲ್ಲಿ ಪ್ರಾಣಿಯನ್ನೂ ಮೂಲ ದಾಖಲೆಗಳನ್ನೂ ತೋರಿಸಬೇಕು. ಯುರೋಪಿನ ಆರೋಗ್ಯ ಪ್ರಮಾಣಪತ್ರ ಪ್ರವೇಶಕ್ಕೆ 10 ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ನಡುವೆ ಸರ್ಕಾರಿ ರಜೆಗಳು ಎಷ್ಟು ಬೀಳುತ್ತವೆಂದು ನೋಡಿಕೊಂಡೇ ಟಿಕೆಟ್ ತೆಗೆಯಿರಿ. ದಸರಾ, ದೀಪಾವಳಿಯ ಆಸುಪಾಸು ಇದು ನಿಜಕ್ಕೂ ಇಕ್ಕಟ್ಟು.

ಏಜೆಂಟರನ್ನು ಹಿಡಿಯಬೇಕೇ ಎಂಬುದಕ್ಕೆ ನನ್ನ ಉತ್ತರ ದೇಶದ ಮೇಲೆ ನಿಂತಿದೆ. ಕೆನಡಾಕ್ಕೆ, ಕ್ಯಾಬಿನ್ನಿನಲ್ಲಿ ಯುರೋಪಿಗೆ, ಬೆಕ್ಕಿನೊಂದಿಗೆ ಅಮೆರಿಕಕ್ಕೆ ಹೋಗುವವರು ತಾವೇ ಮಾಡಬಹುದು; ತಾಳ್ಮೆಯಿಂದ ಓದುವ ಒಬ್ಬರು ಮನೆಯಲ್ಲಿದ್ದರೆ ಸಾಕು. ಬ್ರಿಟನ್, ದುಬೈ, ಸಿಂಗಪುರಗಳಲ್ಲಿ ಕಾರ್ಗೋ ಬಿಡಿಸಿಕೊಳ್ಳುವುದು, ಪರವಾನಗಿ, ಕ್ವಾರಂಟೈನ್ ಜಾಗ ಎಲ್ಲ ಸೇರುವುದರಿಂದ ಅನುಭವಿ ಏಜೆಂಟರಿದ್ದರೆ ಒಳ್ಳೆಯದು. ಅವರ ಸೇವೆಯೊಂದಿಗೆ ದೊಡ್ಡ ನಾಯಿಯ ಒಟ್ಟು ಖರ್ಚು ಲಕ್ಷಗಳಲ್ಲಿ ಹೋಗುತ್ತದೆ. ಹಣ ಕೊಡುವ ಮುನ್ನ ವಿಮಾನ ಯಾವುದು, ನಿಲುಗಡೆ ಎಲ್ಲಿ, ಎಷ್ಟು ಗಂಟೆ, ಅಲ್ಲಿ ನೀರು ಕೊಡುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ. ಇದಕ್ಕೆ ಉತ್ತರ ಕೊಡದವರ ಕೈಗೆ ನಾಯಿಯನ್ನು ಕೊಡಬೇಡಿ.

ಬಿಟ್ಟುಹೋಗುವುದೂ ಒಂದು ಆಯ್ಕೆ

ಮೂರು ವಾರದ ಪ್ರವಾಸಕ್ಕೆ, ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಂದೆತಾಯಿಗೆ, ಒಂದು ವರ್ಷದ ಕೋರ್ಸಿಗೆ ಹೋಗುವ ವಿದ್ಯಾರ್ಥಿಗೆ ನಾನು ಕರೆದೊಯ್ಯಿರಿ ಎನ್ನುವುದಿಲ್ಲ. ಪ್ರಾಣಿಗೆ ಊರು ನೋಡುವ ಆಸೆಯಿಲ್ಲ. ಅದಕ್ಕೆ ಬೇಕಿರುವುದು ಗೊತ್ತಿರುವ ಮನೆ, ಗೊತ್ತಿರುವ ಊಟದ ಹೊತ್ತು, ಗೊತ್ತಿರುವ ಒಬ್ಬ ಮನುಷ್ಯ. ಅದರ ಮನೆಗೇ ಬಂದು ಇರಬಲ್ಲ ಅತ್ತೆಯೋ ತಮ್ಮನೋ ಇದ್ದರೆ ಅದೇ ಮೊದಲ ಆಯ್ಕೆ. ಅದಿಲ್ಲದಿದ್ದರೆ ಅವರ ಮನೆಗೆ ಕಳಿಸುವುದು, ಬೋರ್ಡಿಂಗ್ ಕೊನೆಯದು. ಹೊರಡುವ ತಿಂಗಳ ಮುಂಚೆಯೇ ಅವರ ಕೈಯಿಂದ ಊಟ ಹಾಕಿಸಿ, ಅವರ ಜೊತೆ ವಾಕಿಂಗ್ ಕಳಿಸಿ.

ವಯಸ್ಸಾದ ನಾಯಿ, ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವ ಬೆಕ್ಕು, ಮೂರ್ಛೆ ಬರುವ ಪ್ರಾಣಿ, ಇವುಗಳನ್ನು ಖಾಯಂ ವಲಸೆಯಾದರೂ ಹೊಟ್ಟೆಯಲ್ಲಿ ಹಾಕಿ ಕಳಿಸಬಾರದು. ಹನ್ನೆರಡು ವರ್ಷ ಜೊತೆಗಿದ್ದ ಜೀವವನ್ನು ಬಿಟ್ಟುಹೋಗುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ನಿಮ್ಮ ತಾಯಿಯ ಅಡುಗೆಮನೆಯ ಬಾಗಿಲಲ್ಲಿ ಮಲಗಿ ಕಳೆಯುವ ಅದರ ಕೊನೆಯ ವರ್ಷಗಳು ಇಪ್ಪತ್ತು ಗಂಟೆಯ ಕತ್ತಲ ಪ್ರಯಾಣಕ್ಕಿಂತ ಲೇಸು. ಬಿಟ್ಟುಹೋಗುವಾಗ ಅದರ ಔಷಧಿ, ಆಹಾರ, ವೈದ್ಯರ ಖರ್ಚಿಗೆಂದು ಪ್ರತ್ಯೇಕ ಖಾತೆ ತೆರೆದು ಹಣವಿಡಿ. ನೋಡಿಕೊಳ್ಳುವವರು ಪ್ರತಿ ಸಲ ಫೋನು ಮಾಡಿ ಕೇಳುವ ಮುಜುಗರ ಬರಬಾರದು.

ಮರಳಿ ಬರುವವರಿಗೆ

ವಿದೇಶದಲ್ಲಿ ಸಾಕಿದ ನಾಯಿಯನ್ನು ಭಾರತಕ್ಕೆ ತರುವುದು ಖಾಯಂ ಆಗಿ ಮರಳುವವರಿಗೆ ಸುಲಭ, ರಜೆಗೆ ಬರುವವರಿಗೆ ಅಲ್ಲ. ಎರಡು ವರ್ಷ ಹೊರಗಿದ್ದು ನಿವಾಸ ಬದಲಿಸುವವರು ತಲಾ ಎರಡು ಸಾಕುಪ್ರಾಣಿಗಳನ್ನು ತರಬಹುದು. ಉಳಿದವರಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕಾಗುತ್ತದೆ. ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರವನ್ನು ಮುಂಚಿತವಾಗಿ ಪಡೆದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್, ಕೊಚ್ಚಿಯಂಥ ಅನುಮತಿ ಪಡೆದ ನಿಲ್ದಾಣಗಳಲ್ಲೊಂದರ ಮೂಲಕವೇ ಬರಬೇಕು. ಮಂಗಳೂರಿನವರೂ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇಳಿದು ರಸ್ತೆ ಹಿಡಿಯಬೇಕಾದೀತು.

ಜರ್ಮನಿಯಿಂದ ಮರಳುತ್ತಿದ್ದು, ಮುಂದೆ ಮತ್ತೆ ಹೋಗುವ ಸಾಧ್ಯತೆ ಒಂದಿಷ್ಟಾದರೂ ಇದ್ದರೆ, ಅಲ್ಲಿಂದ ಹೊರಡುವ ಮುನ್ನವೇ ಟೈಟರ್ ಪರೀಕ್ಷೆ ಮಾಡಿಸಿ ಪ್ರಾಣಿಯ ಯುರೋಪಿಯನ್ ಪಾಸ್‌ಪೋರ್ಟಿನಲ್ಲಿ ಬರೆಸಿಕೊಳ್ಳಿ. ಆಗ ಮರುಪ್ರವೇಶಕ್ಕೆ ಮೂರು ತಿಂಗಳು ಕಾಯಬೇಕಿಲ್ಲ. ಅಮೆರಿಕದಿಂದ ಬರುವವರು ಅಲ್ಲಿನ ಲಸಿಕೆಯ ಸರ್ಕಾರಿ ದೃಢೀಕೃತ ನಮೂನೆಯನ್ನು ಹೊರಡುವ ಮುನ್ನವೇ ಮಾಡಿಸಿಟ್ಟುಕೊಂಡರೆ, ಆ ಲಸಿಕೆಯ ಅವಧಿಯೊಳಗೆ ಮರಳುವಾಗ ಟೈಟರ್ ಆಗಲಿ ಆರೈಕೆ ಕೇಂದ್ರದ ಕಾಯ್ದಿರಿಸುವಿಕೆಯಾಗಲಿ ಬೇಕಾಗುವುದಿಲ್ಲ. ಯುರೋಪಿನ ಟೈಟರ್ ಮಾತ್ರ ಬೂಸ್ಟರ್ ತಪ್ಪದಿರುವವರೆಗೆ ಚಾಲ್ತಿಯಲ್ಲಿರುತ್ತದೆ. ಹಿಂದಿನ ಲಸಿಕೆಯ ಅವಧಿ ಮುಗಿದ ಒಂದು ದಿನದ ನಂತರ ಬೂಸ್ಟರ್ ಹಾಕಿಸಿದರೂ ಅದನ್ನು ಹೊಸ ಲಸಿಕೆ ಎಂದೇ ಎಣಿಸುತ್ತಾರೆ, ರಕ್ತಪರೀಕ್ಷೆ ಮತ್ತೆ ಮೊದಲಿನಿಂದ. ಆ ದಿನಾಂಕವನ್ನು ಮೊಬೈಲಿನಲ್ಲಿ ಒಂದು ತಿಂಗಳ ಮುಂಚೆಗೇ ನೆನಪೋಲೆ ಹಾಕಿಡಿ.